ಫಕೀರವ್ವ ಯಾಕೆ ಹಟ ಹಿಡಿದಳು?

ಕೈಯಲ್ಲಿನ ಚಹಾ ಆರಿದರೂ ಪರವಾಗಿಲ್ಲ... ಇದನ್ನು ಪೂರ್ತಿ ಓದಿ.

ಹುಬ್ಬಳ್ಳಿಯ ಒಂದು ರೊಟ್ಟಿ ಕೇಂದ್ರ. ಅಲ್ಲಿ ಇಪ್ಪತ್ತು ಹೆಂಗಸರ ಕೆಲಸ. ಅವರಲ್ಲಿ ಶಿವಲೀಲಾ ಮಾತ್ರ ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ.

ಬೆಳಗ್ಗೆ ರೊಟ್ಟಿ ಬಡಿಯುವುದು, ಆಮೇಲೆ ಬಸ್ ಹಿಡಿದು ಧಾರವಾಡದ ಕ್ಲಾಸಿಗೆ ಓಡುವುದು. ರೂಮ್ ಬಾಡಿಗೆ, ಬಸ್ ಪಾಸ್, ಊಟ... ಎಲ್ಲ ಆ ರೊಟ್ಟಿಯಿಂದಲೇ.

ಆದರೆ ಅಲ್ಲಿ ಯಾರಿಗೂ ಅವಳು ಹಾಗೆ ಹೇಳಿರಲಿಲ್ಲ.

"ರೂಮಿನ್ಯಾಗ ಒಬ್ಬಾಕಿನ ಕುಂತ್ರ ಬ್ಯಾಸರ ಆಗತೈತ್ರಿ, ಅದಕ್ಕ ಬರ್ತೀನಿ" ಅಂದಿದ್ದಳು. ಫೀಸ್ ಎಲ್ಲ ಸ್ಕಾಲರ್‌ಶಿಪ್‌ನಲ್ಲೇ ಆಗುತ್ತದೆ ಅಂತಲೂ ಸೇರಿಸಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ... ಹಾಗೆ.

ಸ್ಕಾಲರ್‌ಶಿಪ್ ಬಂದೇ ಇರಲಿಲ್ಲ. ಯಾವಾಗ ನೋಡಿದರೂ "ಪರಿಶೀಲನೆಯಲ್ಲಿದೆ". ಲೋನ್ ಕೇಳಲು ಹೋದರೆ, ಜಾಮೀನಿಗೆ ಯಾರನ್ನಾದರೂ ಕರೆದುಕೊಂಡು ಬಾ ಅಂದರು. ಅವಳಿಗೆ ಅಂಥವರು ಯಾರೂ ಇರಲಿಲ್ಲ.

ಫೀಸ್ ಇಪ್ಪತ್ತೆಂಟು ಸಾವಿರ. ಇವತ್ತೇ ಕೊನೆಯ ದಿನ. ಬ್ಯಾಂಕ್ ಕೌಂಟರ್ ಮೂರೂವರೆಗೆ ಬಂದ್. ತುಂಬದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ... ಇಡೀ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಉಳಿದಿದ್ದು ಒಂದೇ ದಾರಿ... ಭಿಶಿ.

ಭಿಶಿ ಅಂದರೆ ಆ ಕಡೆಯ ಚೀಟಿ. ಇಪ್ಪತ್ತೂ ಜನ ತಿಂಗಳಿಗೆ ಎರಡೆರಡು ಸಾವಿರ ಹಾಕುತ್ತಾರೆ. ಸೇರಿದ ನಲವತ್ತು ಸಾವಿರಕ್ಕೆ ಸವಾಲು, ಅಂದರೆ ಹರಾಜು. ಯಾರು ಹೆಚ್ಚು ಬಿಟ್ಟುಕೊಡಲು ಒಪ್ಪುತ್ತಾರೋ, ಉಳಿದ ಹಣ ಅವರಿಗೆ. ಬಿಟ್ಟದ್ದು ಎಲ್ಲರಿಗೂ ಹಂಚಿಕೆ.

ಹನ್ನೆರಡು ಸಾವಿರ ಬಿಟ್ಟರೂ ಶಿವಲೀಲಾಳ ಫೀಸಿಗೆ ಸಾಕು. ಅದರ ಮೇಲೆ ಹೋಯಿತೋ, ಮುಗಿಯಿತು.

ಆ ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು. ಸವಾಲಿಗೆ ಮೊದಲು ಭಿಶಿ ನಡೆಸುವ ಸರೋಜಕ್ಕ ಕೇಳುತ್ತಿದ್ದಳು, "ಯಾರಿಗರ ಅಡಚಣಿ ಐತೇನವಾ?"

ಯಾರಾದರೂ ಹೌದು ಅಂದರೆ ಅವತ್ತು ಸವಾಲೇ ಇಲ್ಲ. ಆಸ್ಪತ್ರೆಯ ಖರ್ಚೋ, ಮಕ್ಕಳ ಓದೋ... ಪೂರ್ತಿ ನಲವತ್ತೂ ಅವರಿಗೇ.

ಅವತ್ತೂ ಕೇಳಿದಳು.

ಶಿವಲೀಲಾಳ ಮಾತು ತುಟಿಯವರೆಗೆ ಬಂತು. ಆದರೆ ಇಲ್ಲಿ ಎಲ್ಲರೂ ಅವಳನ್ನು "ಮೇಡಂ" ಅಂತ ಕರೆಯುತ್ತಾರೆ... ಅವರ ಮುಂದೆ ಕೈ ಚಾಚುವುದು ಹೇಗೆ?

"ನಂದೇನೂ ಅಡಚಣಿ ಇಲ್ರೀ ಅಕ್ಕಾ. ಒಂದು ಸ್ಕೂಟಿ ತಗೋಬೇಕಾಗೈತಿ, ಸವಾಲ್ ಹಾಕ್ತೀನಿ" ಅಂದುಬಿಟ್ಟಳು.

ಮೂಲೆಯಲ್ಲಿದ್ದ ಫಕೀರವ್ವ ತಟ್ಟನೆ ತಲೆ ಎತ್ತಿದಳು. ಅರವತ್ತರ ಹತ್ತಿರದ ಮುದುಕಿ, ಮಾತು ಕಡಿಮೆ. ಇದುವರೆಗೆ ಒಮ್ಮೆಯೂ ಸವಾಲು ಕೂಗಿದವಳಲ್ಲ.

"ಎಂಟು ಸಾವಿರ ಬಿಡ್ತೀನಿ" ಅಂದಳು ಶಿವಲೀಲಾ.

"ಒಂಬತ್ತು" ಅಂದಳು ಫಕೀರವ್ವ.

"ಹತ್ತು."

"ಹನ್ನೊಂದು."

ಈ ಮುದುಕಿಗೆ ಇವತ್ತೇ ಯಾಕೆ ಈ ಹಟ? ಹಾಳಾದವಳು... ಅಂತ ಶಿವಲೀಲಾ ಮನಸ್ಸಿನಲ್ಲೇ ಶಪಿಸಿದಳು.

"ಹನ್ನೆರಡು" ಅಂದಳು.

ಸರೋಜಕ್ಕ ಒಂದು ಸಾರಿ ಅಂದಳು... ಎರಡು ಸಾರಿ ಅಂದಳು...

"ಹದಿಮೂರು" ಅಂದಳು ಫಕೀರವ್ವ.

ಗಡಿಯಾರದಲ್ಲಿ ಮೂರಾಗುತ್ತಾ ಬಂದಿತ್ತು. ಶಿವಲೀಲಾ ಎದ್ದು, ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದಳು.

"ನಿಂದ್ರ ಬೇ" ಅಂದಳು ಫಕೀರವ್ವ.

ಸರೋಜಕ್ಕ ಎಣಿಸಿಕೊಟ್ಟ ಇಪ್ಪತ್ತೇಳು ಸಾವಿರಕ್ಕೆ, ಸೆರಗಿನ ಗಂಟಿನಿಂದ ಒಂದು ಸಾವಿರ ಬಿಚ್ಚಿ ಸೇರಿಸಿದಳು. ಅಷ್ಟನ್ನೂ ಶಿವಲೀಲಾಳ ಕೈಗೆ ತುರುಕಿದಳು.

"ನಿನ್ನಿ ಹಿತ್ತಲದಾಗ ನೀ ಫೋನಿನ್ಯಾಗ ಕಾಲೇಜಿನವರಿಗೆ ಅಂಗಲಾಚಿದ್ದು ಕೇಳಿಸ್ಕೊಂಡೀನಿ. ಇಪ್ಪತ್ತೆಂಟು ಸಾವಿರ ಫೀಸ್ ತುಂಬಾಕ ರೊಕ್ಕಿಲ್ಲ, ಸ್ಕೂಟಿ ಬೇಕಂತ ಸ್ಕೂಟಿ. ಆ ರೊಕ್ಕ ನಿನ್ನ ಕೈಗೆ ಸಿಕ್ರ ಗಾಡಿಗೆ ಹಾಕ್ತಿ ಅಂತ ನಾನ ಸವಾಲ್ ಹಿಡಿದ್ನಿ. ಹೋಗು, ಮೊದಲ ಫೀಸ್ ತುಂಬು."

ಇಬ್ಬರೂ ಒಂದೇ ಫೀಸಿಗಾಗಿ ಒಬ್ಬರ ವಿರುದ್ಧ ಒಬ್ಬರು ಸವಾಲು ಹಾಕಿದ್ದರು...

"ಸ್ಕೂಟಿ ಸುಳ್ಳಬೇ... ನಾನೂ ಫೀಸಿಗೇ ಹಾಕಿದ್ದು" ಎಂದು ಶಿವಲೀಲಾ ಅಲ್ಲೇ ಕುಸಿದು ಅತ್ತಳು.

"ಹಂಗಾರ ಮದ್ಲ ಕೇಳಿದಾಗ ಬಾಯಿಗೇನಾಗಿತ್ತು?" ಸರೋಜಕ್ಕ ಗದರಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ನಾಚಿಕಿ ಆತ್ರೀ..."

ಫಕೀರವ್ವ ಅವಳ ತಲೆ ಮೇಲೆ ಕೈಯಿಟ್ಟಳು.

"ನನ್ನ ಮಗಳು ಕಾಲೇಜಿಗೆ ಹೋಗ್ತೀನಿ ಅಂದಾಗ ನಾನೂ ಹಿಂಗ ನಾಚ್ಕೊಂಡು ಯಾರನ್ನೂ ಕೇಳಲಿಲ್ಲ. ಆಕಿ ಓದು ಅಲ್ಲೇ ನಿಂತತು. ನಾಚಿಕಿ ನಂದು... ನಷ್ಟ ಆಕಿದು."

ಸರೋಜಕ್ಕ ಉಳಿದ ಹದಿಮೂರು ಸಾವಿರವನ್ನೂ ಮುಂದಿಟ್ಟಳು. "ಇವತ್ತ ಸವಾಲ ಆಗಿಲ್ಲ ಅಂತ ತಿಳೀರಿ. ಪೂರ್ತಿ ಆಕಿದ. ಯಾರದರ ತಕರಾರ ಐತೇನು?"

"ತಕರಾರ ಆಮ್ಯಾಲ ಕೇಳ್ವಂತಿ, ಮದ್ಲ ಆಕಿನ್ನ ಕಳಸ, ಬ್ಯಾಂಕ್ ಮುಚ್ಚತೈತಿ" ಎಂದು ಯಾರೋ ಕೂಗಿದರು. ರೊಟ್ಟಿ ಸಾಗಿಸುವ ಆಟೊ ಅಷ್ಟರಲ್ಲಿ ಬಾಗಿಲಿಗೆ ಬಂದಿತ್ತು.

ಕೌಂಟರ್ ಮುಚ್ಚುವ ಹೊತ್ತಿಗೆ ಸರಿಯಾಗಿ ಶಿವಲೀಲಾಳ ಚಲನ್ ಮೇಲೆ ಸೀಲು ಬಿತ್ತು.

ಅವಳು ರೂಮಿಗೆ ಹೋಗಲಿಲ್ಲ. ಸೀದಾ ವಾಪಸ್ ಬಂದು, ಬೇಡವೆಂದು ಜಗಳ ಆಡಿದರೂ ಬಿಡದೆ ಫಕೀರವ್ವನಿಗೆ ಅವಳ ಸಾವಿರ ಹಿಂದಿರುಗಿಸಿ, ರಸೀದಿ ತೋರಿಸಿದಳು.

"ನಂಗೆಲ್ಲಿ ಓದಾಕ ಬರತೈತಿ? ನೀನ ಓದಿ ಹೇಳು."

ಶಿವಲೀಲಾ ಓದಿದಳು. ತನ್ನ ಹೆಸರು, ಎಂ.ಎಸ್ಸಿ. ಕೊನೆಯ ವರ್ಷ, ಫೀಸ್ ಪೂರ್ತಿ ಪಾವತಿ...

ಫಕೀರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಇನ್ನೊಮ್ಮೆ ಓದು" ಅಂದಳು.

*

ಕಷ್ಟವನ್ನು ಬಚ್ಚಿಟ್ಟರೆ, ಕೈ ಹಿಡಿಯಲು ಬಂದವರೂ ಎದುರಾಳಿಗಳಂತೆ ಕಾಣುತ್ತಾರೆ.

"ನಂದೇನೂ ತೊಂದರೆ ಇಲ್ಲ" ಅಂತ ನೀವು ಕೊನೆಯ ಬಾರಿ ಯಾರಿಗೆ ಸುಳ್ಳು ಹೇಳಿದಿರಿ... ಅವರಿಗೆ ಇವತ್ತು ನಿಜ ಹೇಳುತ್ತೀರಾ?