ಬಿಟ್ಟ ಎರಡು ಸುತ್ತು

"ಮುಕ್ಕಾಲು ಪಾಲು ಕೊಂಬೆ ಸವರಿದರೂ ಪೈನ್ ಮರ ಸೊರಗುವುದಿಲ್ಲ, ಶಿಲೀಂಧ್ರಕ್ಕೆ ಸೋಲುವುದಿಲ್ಲ." ವರದಿಯ ಕೊನೆಯ ಸಾಲನ್ನು ಸಂಶೋಧಕ ಓದಿ ಮುಗಿಸಿದಾಗ, ಮೇಜಿನ ಈಚೆ ನಿಂತಿದ್ದ ಏಣಿಯಕ್ಕ ಕಿಟಕಿಯತ್ತ ತಿರುಗಿದಳು.

ಮರ ಹತ್ತಿ ಕೊಂಬೆ ಸವರುವುದು ಅವಳ ಕಸುಬು. ನಿಜವಾದ ಹೆಸರು ಎಂದೋ ಉದುರಿ ಏಣಿಯೊಂದೇ ಉಳಿದುಕೊಂಡಿತ್ತು. ಹೋದ ವರ್ಷ ಹನ್ನೆರಡು ಮರಗಳ ಹಸಿರಿನಲ್ಲಿ ಮುಕ್ಕಾಲು ಪಾಲು ತೆಗೆಯಲು ಸಂಶೋಧಕ ಹೇಳಿದ್ದ. ಆಮೇಲೆ ಕಾಂಡಕ್ಕೆ ತೂತು ಕೊರೆದು, ರೋಗ ತರುವ ಶಿಲೀಂಧ್ರ ತುಂಬಿದ್ದ. ಅಷ್ಟು ಎಲೆ ಕಳೆದುಕೊಂಡ ಮರಕ್ಕೆ ಅಂಟು ಸುರಿಸಿ ರೋಗವನ್ನು ಹೊರದಬ್ಬುವ ತ್ರಾಣ ಇರುತ್ತದೆಯೇ ಎಂಬುದು ಅವನ ಪ್ರಶ್ನೆ.

ಅವಳೇ ನೀರೆರೆದು ಬೆಳೆಸಿದ ಮರಗಳು. ತುತ್ತು ಕಸಿದು ಕಾಯಿಲೆ ಅಂಟಿಸುವುದು ಯಾವ ಊರ ನ್ಯಾಯ ಎಂದುಕೊಂಡು, ಕಾಂಡದ ಸುತ್ತ ಕೊಡೆಯ ಕಡ್ಡಿಗಳಂತೆ ಸುತ್ತುಸುತ್ತಾಗಿ ಹರಡಿದ ಕೊಂಬೆಗಳಲ್ಲಿ ಮರಕ್ಕೆ ಎರಡೆರಡು ಸುತ್ತು ಹೆಚ್ಚಿಗೆ ಬಿಟ್ಟು ಇಳಿದಿದ್ದಳು. ಏಣಿಯ ಮೂರನೇ ಮೆಟ್ಟಿಲಿಗೇ ತಲೆ ತಿರುಗುವ ಸಂಶೋಧಕ, ಅವಳ ಕೈಯೇ ಅಳತೆಗೋಲು ಎಂದು ನಂಬಿ ಮುಕ್ಕಾಲು ಎಂದೇ ಬರೆದುಕೊಂಡಿದ್ದ.

"ಇನ್ನು ಗುಡ್ಡದ ಮರಕ್ಕೆಲ್ಲ ಇದೇ ಅಳತೆ, ಅಕ್ಕಾ," ಎಂದ. ಕೊಂಬೆ ಸವರಿದ ಮರದಿಂದ ಸಿಗುವ ಗಂಟಿಲ್ಲದ ಹಲಗೆಗಾಗಿ ಮರದ ಕಾರ್ಖಾನೆಯವರು ತುದಿಗಾಲಲ್ಲಿ ನಿಂತಿದ್ದಾರೆ, ನಾಳೆ ವರದಿ ಹೋದರೆ ವಾರದೊಳಗೆ ಕೆಲಸ ಶುರು ಎಂದೂ ಹೇಳಿದ.

ಕಿಟಕಿಯಾಚೆ ಗುಡ್ಡ ನೆತ್ತಿಯವರೆಗೂ ಕಪ್ಪು ಹಸಿರಾಗಿತ್ತು. ಹನ್ನೆರಡು ಮರಕ್ಕೆ ತೋರಿದ ಕರುಣೆ ಇಡೀ ಗುಡ್ಡದ ಕುತ್ತಿಗೆಗೆ ಬಂದಿತ್ತು. ಬಾಯಿ ಬಿಟ್ಟರೆ ಕೆಲಸ ಹೋದೀತು.

"ಸಾರ್, ನಾನು ಮುಕ್ಕಾಲು ಕಡೀಲಿಲ್ಲ," ಎಂದಳು. "ಕೈ ಬರ್ಲಿಲ್ಲ. ಒಂದೊಂದರಲ್ಲೂ ಎರಡು ಸುತ್ತು ಬಿಟ್ಟಿದೀನಿ."

ಅವನು ಬೈಯಲಿಲ್ಲ. ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಕೊನೆಯ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ.

"ಹಾಗಾದ್ರೆ ಮರ ಉಳಿಸಿದ್ದು ಆ ಎರಡು ಸುತ್ತೇ ಇರ್ಬೇಕು. ಈ ಸಲ ನಿಜವಾಗ್ಲೂ ಮುಕ್ಕಾಲು ಕಡೀಬೇಕು. ಹನ್ನೆರಡು ಮರ ಸೊರಗಿದ್ದನ್ನ ಕಣ್ಣಾರೆ ನೋಡದೆ ಕಾರ್ಖಾನೆಯವರು ಗುಡ್ಡದ ತಂಟೆ ಬಿಡಲ್ಲ." ಅವಳ ಗರಗಸದ ಕಡೆ ನೋಡಿ ಕೇಳಿದ, "ಬೇರೆಯವರ ಕೈಲಿ ಮಾಡಿಸ್ಲಾ, ಅಕ್ಕಾ?"

ಏಣಿಯಕ್ಕ ಆಗಲೇ ಗರಗಸದ ಹಲ್ಲುಗಳನ್ನು ಒರೆಸುತ್ತಿದ್ದಳು.

"ಬೇಡ ಸಾರ್. ಬೇರೆಯವರಾದ್ರೆ ತೊಗಟೆ ಸೀಳ್ತಾರೆ."