ಅಂಗೈಗೆ ಬೀಳದ ಹನಿ

ಅಡುಗೆಯ ಸಂಕಪ್ಪ ಸೌಟು ಹಿಡಿದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಿಂತೇ ಇದ್ದ. ಮಾಲೀಕರಾದ ಭುಜಂಗಯ್ಯ ಕೈ ಚಾಚಲೇ ಇಲ್ಲ.

"ಒಂದು ಹನಿ ನೋಡಿ ಧಣಿ. ಸಾಂಬಾರು ಇಳಿಸ್ಬೇಕು."

"ನಾನೆಂತಕ್ಕೆ ನೋಡುದು? 'ನನ್ನ ಕೈರುಚಿಗೆ ಮತ್ತೊಬ್ಬರ ನಾಲಗೆ ಬೇಡ' ಅಂತ ವರ್ಷಗಟ್ಟಲೆ ಗೊಣಗಿದವ ನೀನು. ಇವತ್ತು ದೇಶಕ್ಕೆ ಸ್ವಾತಂತ್ರ್ಯ. ನಿಂಗೂ ಕೊಟ್ಟೆ, ಹೋಗು ಮಾರಾಯ."

ಪುಣೆಯ ಸದಾಶಿವ ಪೇಠೆಯಲ್ಲಿ ಕರಾವಳಿಯ ಭುಜಂಗಯ್ಯ ನಡೆಸುತ್ತಿದ್ದ ಆ ಹೋಟೆಲಿನಲ್ಲಿ ಅಡುಗೆಯವನು ರುಚಿ ನೋಡುವ ಪದ್ಧತಿಯೇ ಇರಲಿಲ್ಲ. ದಿನಾ ಬೆಳಿಗ್ಗೆ ಧಣಿಯ ಅಂಗೈಗೆ ಒಂದು ಹನಿ ಬೀಳಬೇಕು, ಅವರು ನೆಕ್ಕಿ 'ಹೂಂ' ಅನ್ನಬೇಕು, ಆಮೇಲೇ ಬಡಿಸುವುದು. ಗಿರಾಕಿ ಗೊಣಗಿದರೆ ಕೇಳಿಸಿಕೊಳ್ಳುವವರೂ ಅವರೇ. ಸಂಕಪ್ಪ ಒಲೆಯ ಹಿಂದೆ ಹಾಯಾಗಿರುತ್ತಿದ್ದ.

ಈಗ ತಾನೇ ಒಂದು ಹನಿ ನೆಕ್ಕಿದ. ಹೆದರಿ ಒಣಗಿದ ನಾಲಗೆಗೆ ಏನೂ ತಿಳಿಯಲಿಲ್ಲ. ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಂದು ಹಿಡಿ ಬಿತ್ತು. ಅಷ್ಟರಲ್ಲಿ ಬಾವುಟ ಹಾರಿಸಿ ಬಂದ ಜನ ಬೆಂಚು ತುಂಬಿದರು.

ಮೊದಲು ಇಡ್ಲಿ ಮುರಿದವನು ವಿಜಾಪುರದ ಕಡೆಯ ರೈಲ್ವೆ ಗುಮಾಸ್ತ ನಿಜಲಿಂಗಪ್ಪ.

"ಏನ್ರಿ ಭುಜಂಗಯ್ಯಾರ, ಸ್ವಾತಂತ್ರ್ಯ ಬಂತಂತ ನಿಮ್ಮೂರ ಸಮುದ್ರಾನ ತಂದು ಸುರುವೀರೇನ್ರಿ ಇದರಾಗ?"

ಬೆಂಚುಗಳು ನಕ್ಕವು. ಭುಜಂಗಯ್ಯ ಎಂದಿನಂತೆ ಕೈಮುಗಿದು ಎದ್ದರು. ಅವರು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಪರದೆ ಸರಿಯಿತು. ಗಿರಾಕಿಗಳು ಎಂದೂ ಮುಖ ಕಾಣದ ಸಂಕಪ್ಪ, ಬೆವರನ್ನೂ ಒರೆಸಿಕೊಳ್ಳದೆ ಬೆಂಚುಗಳ ನಡುವೆ ಬಂದು ನಿಂತ.

"ಅವರನ್ನು ಕೇಳ್ಬೇಡಿ. ಉಪ್ಪು ಹಾಕಿದ್ದು ನಾನು. ಹೆದರಿ ಎರಡು ಸಲ ಹಾಕಿದೆ. ಕೂತ್ಕೊಳ್ಳಿ, ಬೇರೆ ಮಾಡಿ ತರ್ತೇನೆ."

ನಗು ನಿಂತಿತು. ನಿಜಲಿಂಗಪ್ಪ ತಟ್ಟೆ ಬದಿಗೆ ಸರಿಸಿದ.

"ಕುಂದರ್ತೀನಿ ತಗೋಪಾ. ಹಿಂಗ ಎದುರು ನಿಂತು ಹೇಳಾವ್ರು ಭಾಳ ಕಡಿಮಿ."

ಹೊಸ ಸಾಂಬಾರು ಕುದಿಯಿತು. ಸಂಕಪ್ಪ ತನ್ನದೇ ಅಂಗೈಗೆ ಹನಿ ಬಿಟ್ಟು, ಕಣ್ಣು ಮುಚ್ಚಿ ನೋಡಿ, ತನಗೆ ತಾನೇ 'ಹೂಂ' ಅಂದುಕೊಂಡ. ಪಾತ್ರೆ, ಸೌಟು ಹಿಡಿದು ಅವನು ಹೊರಬಂದದ್ದೇ ತಡ, ಹಳೆಯ ಅಭ್ಯಾಸಕ್ಕೆ ಭುಜಂಗಯ್ಯನವರ ಕೈ ತಾನಾಗಿ ಮುಂದೆ ಬಂತು. ಸಂಕಪ್ಪ ಅದನ್ನು ದಾಟಿ ನೇರವಾಗಿ ನಿಜಲಿಂಗಪ್ಪನ ತಟ್ಟೆಗೆ ಬಡಿಸಿದ.

ಖಾಲಿ ಉಳಿದ ಆ ಕೈಯಿಂದ ಭುಜಂಗಯ್ಯ ಮೀಸೆ ತಿರುವಿಕೊಂಡರು.