ಬಲದಿಂದ ಎಡಕ್ಕೆ

ಆನ್‌ಲೈನ್ ಮೌಖಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಫೋನನ್ನು ಎಡದಿಂದ ಬಲಕ್ಕೆ ತಿರುಗಿಸಿ ತನ್ನ ಕೋಣೆಯನ್ನು ತೋರಿಸಬೇಕೋ, ಬಲದಿಂದ ಎಡಕ್ಕೋ ಎಂಬ ಗಹನವಾದ ಪ್ರಶ್ನೆಯನ್ನು ಗೋಕಾಕದ ಆ ಕಾಲೇಜು ಎರಡು ಸಭೆ ಕರೆದು ಇತ್ಯರ್ಥಪಡಿಸಿತ್ತು. ಎಡದಿಂದ ಬಲಕ್ಕೆ. ಪ್ರದಕ್ಷಿಣೆಯೂ ಹಾಗೇ ತಾನೆ ಎಂದು ಹಿರಿಯರೊಬ್ಬರು ಹೇಳಿದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಕೊರೊನಾದಿಂದಾಗಿ ಕಾಲೇಜಿಗೆ ಬೀಗ ಬಿದ್ದ ವರ್ಷ ಅದು. ಉಪನ್ಯಾಸಕರಿಗೆಂದು ಪರೀಕ್ಷೆಯ ಮೇಲ್ವಿಚಾರಕ ಕಾಶಿನಾಥ ಸರ್ ಬರೆದು ಕಳಿಸಿದ ಸೂಚನೆಗಳಲ್ಲಿ ಇದೇ ಮೊದಲನೆಯದು. ಉತ್ತರ ಹೇಳಿಕೊಡುವವರು ಯಾರೂ ಕೋಣೆಯಲ್ಲಿ ಇರಬಾರದು, ಪ್ರಶ್ನೆ ಕೇಳಿದ ಮೇಲೆ ಉಪನ್ಯಾಸಕರು ಹತ್ತು ಸೆಕೆಂಡು ಬಾಯಿ ಬಿಡಬಾರದು ಎಂಬವು ಆಮೇಲಿನವು.

ಮೂಡಲಗಿಯ ತನ್ನ ಮನೆಯಲ್ಲಿ ಕೂತಿದ್ದ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ ಗುರುರಾಜ, ಅಂಕಲಗಿಯ ನಾಗರತ್ನಾಳನ್ನು ಪರದೆಯ ಮೇಲೆ ಕಂಡು ಗಾಬರಿಯಾದ. ಹಸಿರು ಇಳಕಲ್ ಸೀರೆ, ತಲೆ ತುಂಬ ಅಬ್ಬಲಿಗೆ ಹೂವು. ಪರೀಕ್ಷೆಯ ದಿನ ಬದಲಿಸಿರೆಂದು ಆಕೆ ನಿನ್ನೆ ಬೇಡಿಕೊಂಡಿದ್ದಳು. ವೇಳಾಪಟ್ಟಿ ಬದಲಾಗುವುದಿಲ್ಲ ಎಂದು ಈತ ಉತ್ತರಿಸಿದ್ದ, ಯಾಕೆಂದು ಕೇಳಿರಲಿಲ್ಲ. ಈ ಪರೀಕ್ಷೆ ತಪ್ಪಿದರೆ ಡಿಗ್ರಿಗೆ ಇನ್ನೊಂದು ವರ್ಷ ಕಾಯಬೇಕು. ಆಕೆ ಕಾದಾಳು, ಆಕೆಯ ಅಪ್ಪ ಭೀಮಶಿ ಕಾಯುವ ಪೈಕಿ ಅಲ್ಲ.

"ಫೋನ್ ತಿರಗಸವಾ," ಎಂದ ಗುರುರಾಜ. ಪರದೆಯ ಮೂಲೆಯಲ್ಲಿ ಕಾಶಿನಾಥ ಸರ್ ಅವರ ಹೆಸರಷ್ಟೇ ಕಾಣುತ್ತಿತ್ತು. ಮುಖ ತೋರಿಸದೆ ಕೇಳಿಸಿಕೊಳ್ಳುವುದು ಅವರ ಪದ್ಧತಿ.

ನಾಗರತ್ನಾ ಬಲಗಡೆಯಿಂದ ಶುರು ಮಾಡಿದಳು. ಪಡಸಾಲೆಯ ಕಿಟಕಿ, ಜೋಳದ ಚೀಲಗಳು, ಗೋಡೆಗೆ ಬಸವಣ್ಣನ ಪಟ. ಅಲ್ಲಿಗೆ ಕೈ ನಿಂತಿತು.

"ಪೂರ್ತಿ," ಎಂದಿತು ಮುಖವಿಲ್ಲದ ದನಿ.

ಪೂರ್ತಿ ತಿರುಗಿತು. ಎಡಗೋಡೆಗುಂಟ ಜಮಖಾನೆಯ ಮೇಲೆ ಬೆಲ್ಲದ ಬಾಗೇವಾಡಿಯಿಂದ ಕನ್ಯೆ ನೋಡಲು ಬಂದವರು ಸಾಲಾಗಿ ಕೂತಿದ್ದರು. ಫೋನು ತಮ್ಮತ್ತ ಬಂದದ್ದೇ ತಡ, ಫೋಟೋ ಎಂದು ತಿಳಿದು ಗಂಡಸರು ಟೋಪಿ ಸರಿಮಾಡಿಕೊಂಡರು, ಹೆಂಗಸರು ಸೆರಗೆಳೆದುಕೊಂಡರು, ನಡುವೆ ಕೂತ ವರ ನೆಟ್ಟಗಾದ. ಅವನ ಸೋದರತ್ತೆ ಹಣಮವ್ವನ ಮಡಿಲಲ್ಲಿ ಕುಪ್ಪಸದ ಖಣ ಮತ್ತು ತೆಂಗಿನಕಾಯಿ. ಹುಡುಗಿ ಮನಸ್ಸಿಗೆ ಬಂದರೆ ಇವತ್ತೇ ಉಡಿ ತುಂಬಿ ಸಂಬಂಧ ಗಟ್ಟಿ ಮಾಡುವ ತಯಾರಿ.

"ಅವರನ್ನೆಲ್ಲಾ ಹೊರಗ ಕಳಸ. ಇಲ್ಲಂದ್ರ ಪರೀಕ್ಷಾ ರದ್ದು," ಎಂದರು ಕಾಶಿನಾಥ ಸರ್.

ಕನ್ಯೆ ನೋಡಲು ಬಂದವರನ್ನು ಅಂಗಳಕ್ಕೆ ಕಳಿಸುವ ಮನೆಯನ್ನು ಆ ಸೀಮೆಯಲ್ಲಿ ಇನ್ನೂ ಯಾರೂ ಕಟ್ಟಿಲ್ಲ. ನಾಗರತ್ನಾ ತಾನೇ ಎದ್ದು ಒಳಗೆ ಹೋಗೋಣವೆಂದರೆ, ಆ ಕಿಟಕಿ ಬಿಟ್ಟು ಮನೆಯಲ್ಲಿ ಬೇರೆಲ್ಲೂ ಸಿಗ್ನಲ್ಲು ಇಲ್ಲ. ಭೀಮಶಿಯ ದನಿ ಕೇಳಿತು: "ನಾಗೂ, ಸಾಕು ಇಡ ಅದನ್ನ."

ನಾಗರತ್ನಾ ಇಡಲಿಲ್ಲ. "ಸರ, ಇವರು ಉತ್ತರ ಹೇಳಿಕೊಡಾಕ ಬಂದವರಲ್ರಿ. ಇವರೂ ಪ್ರಶ್ನಿ ಕೇಳಾಕ ಬಂದಾರ."

ಪ್ರಶ್ನೆ ಕೇಳುವವರ ಬಗ್ಗೆ ಸೂಚನೆಗಳಲ್ಲಿ ಏನೂ ಇರಲಿಲ್ಲ. ಅದನ್ನೇ ಅಪ್ಪಣೆ ಎಂದುಕೊಂಡು ಗುರುರಾಜ ಗಡಿಬಿಡಿಯಲ್ಲಿ ಕೇಳಿದ: "ಅವಕಾಶ ವೆಚ್ಚ ಅಂದ್ರ ಏನವಾ?"

"ಯಾರ ಜೋಡಿ ಮಾತಾಡಾಕತ್ತಾಳ್ರಿ ಈಕಿ?" ಎಂದಳು ಹಣಮವ್ವ.

"ಆಕಿ ಮಾಸ್ತರು ರೀ ಅಕ್ಕಾರ. ಐದ ಮಿನಿಟ," ಎಂದ ಭೀಮಶಿ.

"ಐದ ಮಿನಿಟ ಆಗಳೇ ಆತು. ಹೋಳಿಗಿ ಮಾಡಾಕ ಬರತೈತೇನು ಅಂತ ನಾ ಯಾವಾಗ ಕೇಳ್ಲಿ?"

"ಎರಡರಾಗ ಒಂದ ಆರಿಸ್ಕೊಂಡ್ರ, ಕೈಬಿಟ್ಟ ಇನ್ನೊಂದರ ಬೆಲಿ ರೀ ಸರ," ಎಂದಳು ನಾಗರತ್ನಾ. ಅದೇ ಉಸಿರಿನಲ್ಲಿ ಕತ್ತು ಹೊರಳಿಸಿ, "ಹೋಳಿಗಿ ಬರತೈತ್ರಿ ಅತ್ತಿ."

"ಉದಾಹರಣೆ?"

ಕಬ್ಬು ಹಾಕಿದ ರೈತ ಅರಿಷಿಣ ಕೈಬಿಡುತ್ತಾನೆ ಎಂಬುದು ಪುಸ್ತಕದ ಉದಾಹರಣೆ. ಬೆಳಗಿನಿಂದ ಎಲ್ಲರೂ ಅದನ್ನೇ ಒಪ್ಪಿಸಿದ್ದರು. ನಾಗರತ್ನಾ ಮಾತಾಡಲಿಲ್ಲ. ಗುರುರಾಜನ ನಾಲಿಗೆಯ ತುದಿಗೆ ಕಬ್ಬು ಬಂದು ಕೂತಿತ್ತು; ಸೂಚನೆ ನೆನೆದು ತುಟಿ ಕಚ್ಚಿದ. ಅಷ್ಟುದ್ದದ ಮೌನವನ್ನು ಆತ ಇದುವರೆಗೆ ಯಾವ ಕ್ಲಾಸಿನಲ್ಲೂ ಸಹಿಸಿದವನಲ್ಲ.

"ಬರದಿದ್ರ ಬರೂದಿಲ್ಲ ಅನ್ನವಾ," ಎಂದಳು ಹಣಮವ್ವ. "ಎದ್ದ ಬಂದು ಚಹಾ ಕೊಡು. ಆರಾಕತ್ತೈತಿ."

ನಾಗರತ್ನಾ ಮೊದಲು ಜಮಖಾನೆಯ ಕಡೆ ನೋಡಿದಳು, ಆಮೇಲೆ ಫೋನಿನ ಕಡೆ.

"ಈಗ ನಾ ಎದ್ದು ಚಹಾ ಕೊಟ್ರ ಡಿಗ್ರಿ ಹೋಗತೈತ್ರಿ ಸರ. ಕೂತ್ರ ಚಹಾ ಆರತೈತಿ. ನಾ ಕೂತೇನ್ರಿ. ಇದರ ವೆಚ್ಚ ಆ ಚಹಾ."

ಅತ್ತ ವರ ಫಕ್ಕನೆ ನಕ್ಕ; ಅತ್ತೆ ಅವನನ್ನೊಮ್ಮೆ ನೋಡಿದಳು, ನಗು ನಿಂತಿತು. ಹಣಮವ್ವ ತೆಂಗಿನಕಾಯಿಯನ್ನು ತಿರುಗಿ ಚೀಲಕ್ಕೆ ಹಾಕಿಕೊಂಡಳು.

ನಾಗರತ್ನಾಳಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ಬಿತ್ತು. ಫೋನನ್ನು ಬಲದಿಂದ ಎಡಕ್ಕೆ ತಿರುಗಿಸಿದ್ದಕ್ಕೆ ಕಾಶಿನಾಥ ಸರ್ ಒಂದು ಅಂಕ ಕಳೆದಿದ್ದರು. ಬೆಲ್ಲದ ಬಾಗೇವಾಡಿಯಿಂದ ಫೋನು ಬರಲಿಲ್ಲ.